ಹಸುರನ್ನು ಮಾತಾಡಿಸಿದ ಮಹನೀಯ: ಡಾ॥ ಬಿ. ಜಿ. ಎಲ್. ಸ್ವಾಮಿ

ಕನ್ನಡ ನಾಡಿನಲ್ಲಿ ಜ್ಞಾನವು ಮಾತಿನ ಮೂಲಕ ಹರಿದುಬಂದುದು ಇಂದು ನಿನ್ನೆಯ ಸಂಗತಿಯಲ್ಲ. ಹನ್ನೆರಡನೆಯ ಶತಮಾನದ ಶರಣರು ತಮ್ಮ ಅನುಭಾವವನ್ನು ಶಾಸ್ತ್ರಗ್ರಂಥವಾಗಿ ಬರೆಯದೆ ವಚನವಾಗಿ ನುಡಿದರು; ವಚನವೆಂಬ ಪದಕ್ಕೆ ಮಾತು ಎಂಬುದೇ ಅರ್ಥ. ಮುಂದೆ ಆ ಮಾತುಗಳನ್ನು ಪೋಣಿಸಿ ರಚಿಸಿದ ಶೂನ್ಯಸಂಪಾದನೆಯೂ ಸಂವಾದರೂಪವಾಗಿಯೇ ನಿಂತಿತು. ಆಲಂಕಾರಿಕರು ಉಪದೇಶವನ್ನು ಪ್ರಭುಸಂಮಿತ, ಮಿತ್ರಸಂಮಿತ, ಕಾಂತಾಸಂಮಿತ ಎಂದು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ವಿಜ್ಞಾನದ ಪಠ್ಯಪುಸ್ತಕಗಳು ಬಹುಮಟ್ಟಿಗೆ ಪ್ರಭುವಿನ ಆಜ್ಞೆಯಂತೆ ಮಾತನಾಡುತ್ತವೆ. ಬಾಲಕನು ಅದನ್ನು ಕಂಠಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಒಪ್ಪಿಸುತ್ತಾನೆ, ಬೇಸಗೆಯ ರಜೆಯಲ್ಲಿ ಮರೆಯುತ್ತಾನೆ. ಸಸ್ಯಶಾಸ್ತ್ರವೆಂಬ ಶಾಸ್ತ್ರವನ್ನು ಮಿತ್ರನ ಮಾತಿನ ಧಾಟಿಯಲ್ಲಿ ಕನ್ನಡಿಗರ ಮನೆಯಂಗಳಕ್ಕೆ ತಂದ ಹಿರಿಮೆ ಡಾ॥ ಬಿ. ಜಿ. ಎಲ್. ಸ್ವಾಮಿಯವರಿಗೆ ಸಲ್ಲುತ್ತದೆ.

ಮಠದ ಪರಿಸರದಲ್ಲಿ ಬೆಳೆದ ಓದುಗರಿಗೆ ಹೆಸರಿನ ಬಗೆಗೆ ಒಂದು ಮಾತನ್ನು ಹೇಳುವುದು ಉಚಿತ. ಇವರು ಪೀಠವೇರಿದ ಸ್ವಾಮಿಗಳಲ್ಲ. ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಎಂಬುದು ಅವರ ಪೂರ್ಣನಾಮ. ಅವರಿದ್ದ ಪೀಠ ಪ್ರಾಧ್ಯಾಪಕನ ಪೀಠ. ಅದನ್ನು ಕುರಿತು ತಾವೇ ನಗುತ್ತ 'ಪ್ರಾಧ್ಯಾಪಕನ ಪೀಠದಲ್ಲಿ' ಎಂಬ ಪುಸ್ತಕವನ್ನು ಬರೆದರು.

ತಂದೆ ಡಿ. ವಿ. ಗುಂಡಪ್ಪನವರು. ಪತ್ರಿಕೋದ್ಯಮದ ಅನಿಶ್ಚಿತ ವರಮಾನದಲ್ಲಿ ಸಂಸಾರ, ಮನೆ ತುಂಬ ಪುಸ್ತಕ, ದಿನವೂ ಬಂದುಹೋಗುವ ವಿದ್ವಾಂಸರು. ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡ ಬಾಲಕನ ಕಿವಿಗೆ ವೇದಾಂತ, ರಾಜಕಾರಣ, ಸಂಗೀತ, ಹಾಸ್ಯ ಇವೆಲ್ಲವೂ ಹರಟೆಯ ರೂಪದಲ್ಲಿಯೇ ಬಿದ್ದಿರಬೇಕು. ಕವಿಯ ಮಗ ಕವಿಯಾಗುವುದು ಸುಲಭವಾದ ಹಾದಿ. ಸ್ವಾಮಿಯವರು ಹಿಡಿದದ್ದು ಸೂಕ್ಷ್ಮದರ್ಶಕವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಸಂಶೋಧನೆಯನ್ನು ಮುಂದುವರಿಸಿ, 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಅವರ ವಿಶೇಷ ಕ್ಷೇತ್ರ ಸಸ್ಯಗಳ ಭ್ರೂಣಶಾಸ್ತ್ರ, ಎಂದರೆ ಹೂವಿನೊಳಗೆ ಬೀಜವು ಹೇಗೆ ಮೂಡುತ್ತದೆಂಬುದರ ಅಧ್ಯಯನ. ಆರ್ಕಿಡ್ ಜಾತಿಯ ಸಸ್ಯಗಳ ಭ್ರೂಣವನ್ನು ಕುರಿತು ಅವರು ನಡೆಸಿದ ಕೆಲಸ ಲೋಕದ ವಿದ್ವಾಂಸರ ಗಮನವನ್ನು ಸೆಳೆಯಿತು. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ಜೋಳದ ಕಾಳಿನಲ್ಲಿರುವಂತೆ ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿಲ್ಲ. ಯಾವುದೋ ಶಿಲೀಂಧ್ರದ ಆಶ್ರಯ ದೊರೆತರೆ ಮಾತ್ರ ಅದಕ್ಕೆ ಬದುಕು. ಇಂಥ ಕಾಣದ ವಸ್ತುವಿನ ಹುಟ್ಟನ್ನು ಕೋಶ ಕೋಶವಾಗಿ ಹಿಂಬಾಲಿಸಿ ಚಿತ್ರಿಸುವುದು ತಪಸ್ಸಿಗೆ ಸಮಾನವಾದ ಕಾಯಕ.

ಬಳಿಕ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರೊಫೆಸರ್ ಇರ್ವಿಂಗ್ ಬೈಲಿಯವರೊಡನೆ ಸಂಶೋಧನೆ. ಗುರುಶಿಷ್ಯರಿಬ್ಬರೂ ಸೇರಿ 1948ರಲ್ಲಿ ನ್ಯೂ ಕ್ಯಾಲಿಡೋನಿಯ ದ್ವೀಪದ ಅಂಬೊರೆಲ್ಲ ಎಂಬ ಗಿಡವನ್ನು ಪರೀಕ್ಷಿಸಿ, ಹೂ ಬಿಡುವ ಬಹುತೇಕ ಸಸ್ಯಗಳಲ್ಲಿ ನೀರು ಸಾಗಿಸುವ ಉದ್ದನೆಯ ನಾಳಗಳು ಇದರ ಕಟ್ಟಿಗೆಯಲ್ಲಿ ಇಲ್ಲವೇ ಇಲ್ಲವೆಂದು ತೋರಿಸಿದರು. 1951ರಲ್ಲಿ ಪ್ರಕಟವಾದ ಮತ್ತೊಂದು ಪ್ರಬಂಧ ಇನ್ನೂ ಪ್ರಸಿದ್ಧವಾದುದು. ಹೂವಿನ ನಡುವೆ ಬೀಜವನ್ನು ಧರಿಸುವ ಭಾಗವು ಮೂಲತಃ ನಟ್ಟನಡುವೆ ಮಡಿಚಿಕೊಂಡ ಎಲೆಯಂಥದು ಎಂಬುದು ಅದರ ಸಾರ. ವಿಷಯ ಕಠಿನವೆಂದು ತೋರಬಹುದು. ಅಧ್ಯಾಪಕರು ಒಂದು ಹಸಿ ತೊಗರಿಕಾಯಿಯನ್ನು ತರಗತಿಗೆ ಒಯ್ದು, ಅದರ ಹೊಲಿಗೆ ಬಿಚ್ಚಿ ಅಗಲಿಸಿದರೆ ಸಾಕು: ವೀಳ್ಯದೆಲೆಯನ್ನು ಮಡಿಚಿ ಬಿಡಿಸಿದಂತೆ ಕಾಣುತ್ತದೆ, ಕಾಳುಗಳು ಅಂಚಿನುದ್ದಕ್ಕೂ ಸಾಲಾಗಿ ಅಂಟಿಕೊಂಡಿರುತ್ತವೆ. ಹಾರ್ವರ್ಡಿನ ವಾದಕ್ಕೆ ಪೀಠಿಕೆ ಗದಗಿನ ಹೊಲದಲ್ಲಿಯೇ ಇದೆ. ತಮ್ಮ ಗುರುವಿನ ಹೆಸರನ್ನು ಸ್ವಾಮಿಯವರು ಸಾರ್ಕಾಂಡ್ರ ಕುಲದ ಒಂದು ಸಸ್ಯಕ್ಕಿಟ್ಟು ಗುರುಋಣವನ್ನು ತೀರಿಸಿದರು.

ಸ್ವದೇಶಕ್ಕೆ ಮರಳಿ 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಅಲ್ಲಿಯೇ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ದೀರ್ಘಕಾಲ ದುಡಿದರು. ತಮಿಳನ್ನು ಕಲಿತರು, ಕಲಿತು ಸುಮ್ಮನಿರದೆ ತೊಲ್ಕಾಪ್ಪಿಯದ ಕಾಲನಿರ್ಣಯದಂಥ ವಾದಗ್ರಸ್ತ ವಿಷಯಕ್ಕೂ ಕೈಹಾಕಿದರು. ಸಸ್ಯವನ್ನು ಪದರ ಪದರವಾಗಿ ಸೀಳಿ ನೋಡುವ ಕಣ್ಣು ಶಾಸನವನ್ನು ನೋಡುವಾಗಲೂ ಮಂಕಾಗಲಿಲ್ಲ. 'ತಮಿಳು ತಲೆಗಳ ನಡುವೆ' ಎಂಬ ಗ್ರಂಥದಲ್ಲಿ ಮದರಾಸಿನ ಅನುಭವಗಳಿವೆ. ಆ ಪುಸ್ತಕದ ವ್ಯಂಗ್ಯವು ಕೆಲವೆಡೆ ನಗೆಯ ಮೇರೆಯನ್ನು ದಾಟಿ ಚುಚ್ಚುವಂತಾಗಿದೆಯೆಂದು ಹೇಳಿದರೆ ಗ್ರಂಥಕರ್ತರಿಗೆ ಅಪಚಾರವಾಗದು. ಅವರ ಹಾಸ್ಯದ ಅತ್ಯುತ್ತಮ ಗುಣ ಬೇರೆಡೆಯಲ್ಲಿದೆ.

ಅದು ಇರುವುದು 'ಹಸುರು ಹೊನ್ನು' ಎಂಬ ಗ್ರಂಥದಲ್ಲಿ. ಸಸ್ಯಶಾಸ್ತ್ರದ ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆ ಕಾಡಿಗೆ ಕರೆದೊಯ್ಯುವುದು ಪಠ್ಯಕ್ರಮದ ನಿಯಮ. ಅನೇಕ ಕಾಲೇಜುಗಳಲ್ಲಿ ಇದು ಹಾಜರಿಯ ಪುಸ್ತಕಕ್ಕೆ ಸೀಮಿತವಾಗಿ ಮುಗಿದುಹೋಗುತ್ತದೆ. ಸ್ವಾಮಿಯವರ ಪಾಲಿಗೆ ಆ ಪ್ರವಾಸವೇ ಪಾಠಶಾಲೆ. ಪಶ್ಚಿಮಘಟ್ಟದ ಕಾಡುಗಳಲ್ಲಿ ಶಿಷ್ಯರೊಡನೆ ಅಲೆದಾಡುತ್ತ, ಅವರ ಕೀಟಲೆ, ಜಗಳ, ದಣಿವು, ಹಸಿವುಗಳ ನಡುವೆಯೇ ಒಂದೊಂದು ಗಿಡವನ್ನು ಪರಿಚಯ ಮಾಡಿಕೊಡುತ್ತಾರೆ. ಮೊದಲು ಗಿಡದ ಶಾಸ್ತ್ರನಾಮವನ್ನು ಹೇಳಿ ಹುಡುಗರನ್ನು ಬೆದರಿಸುವ ಪದ್ಧತಿ ಅವರದಲ್ಲ. ಯಾರೋ ಒಂದು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬ ತಪ್ಪು ಉತ್ತರ ಕೊಡುತ್ತಾನೆ, ಮತ್ತೊಬ್ಬ ನಗುತ್ತಾನೆ. ಆ ನಗುವಿನ ಸಂದಿಯಲ್ಲಿ ಎಲೆಯ ಜೋಡಣೆ, ಹೂವಿನ ರಚನೆ, ಜನ ಅದಕ್ಕಿಟ್ಟ ಹೆಸರು, ಆ ಹೆಸರಿನ ಹಿಂದಿನ ಕಥೆ, ಔಷಧದ ಉಪಯೋಗ, ಹಳೆಯ ಕಾವ್ಯದ ಪ್ರಸ್ತಾಪ ಇವೆಲ್ಲ ಒಳಗೆ ಬಂದು ಕುಳಿತಿರುತ್ತವೆ. ಓದುಗನಿಗೆ ತಾನು ಪಾಠ ಕೇಳಿದೆನೆಂಬುದು ಪಾಠ ಮುಗಿದ ಮೇಲೆಯೇ ತಿಳಿಯುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೊಂದುಂಟು. ಆ ಶಿಷ್ಯರು ಮದರಾಸಿನ ಕಾಲೇಜಿನವರು. ಅವರ ತರಗತಿಯ ಭಾಷೆ ಕನ್ನಡವಾಗಿರಲಿಲ್ಲ. ಅಲ್ಲಿ ನಡೆದ ಸಲ್ಲಾಪವನ್ನು ಸ್ವಾಮಿಯವರು ಕನ್ನಡದಲ್ಲಿ ಹೊಸದಾಗಿ ಸೃಷ್ಟಿಸಿದರು. ಹಳೆಯ ಮೈಸೂರಿನ ಮನೆಮಾತು, ಅದರ ನಡುವೆ ಬೇಕೆಂದೇ ಗಂಭೀರವಾದ ಒಂದು ಸಂಸ್ಕೃತ ಸಮಾಸ, ಆ ಗಾಂಭೀರ್ಯವನ್ನು ಮರುಕ್ಷಣವೇ ಉರುಳಿಸುವ ಒಂದು ಆಡುನುಡಿ: ಇದು ಅವರ ಶೈಲಿಯ ಗುಟ್ಟು. ಗ್ರಂಥಗಳ ಹೆಸರುಗಳನ್ನೇ ನೋಡಬಹುದು. ಉಪನಿಷತ್ತಿನ ನಾಮವಾದ 'ಬೃಹದಾರಣ್ಯಕ'ವನ್ನು ಕಾಡಿನ ಮಾತಿಗೆ ಇಟ್ಟರು. ವ್ರತಕಥೆಯ ಕಡೆಯಲ್ಲಿ ಬರುವ 'ಫಲಶ್ರುತಿ' ಅವರ ಕೈಯಲ್ಲಿ ನಿಜವಾದ ಫಲದ ಶ್ರುತಿಯಾಯಿತು. ಶ್ಲೇಷಾಲಂಕಾರವನ್ನು ಇಷ್ಟು ಹಗುರವಾಗಿ ಬಳಸಿದವರು ಆಧುನಿಕ ಗದ್ಯದಲ್ಲಿ ವಿರಳ. ಗ್ರಂಥಗಳಲ್ಲಿನ ಗಿಡಬಳ್ಳಿಗಳ ರೇಖಾಚಿತ್ರಗಳನ್ನೂ ಅವರೇ ಬರೆದರು. ಪ್ರಯೋಗಶಾಲೆಯಲ್ಲಿ ಪಳಗಿದ ಕೈಯಾದುದರಿಂದ ನಗಿಸುವ ಪುಟದಲ್ಲಿಯೂ ಎಲೆಯ ನರಗಳು ಸರಿಯಾದ ಸ್ಥಾನದಲ್ಲಿರುತ್ತವೆ.

ಸ್ವಾಮಿಯವರಿಗಿಂತ ಮೊದಲು ಈ ದಾರಿಯನ್ನು ಸವೆಸಿದವರು ಇಲ್ಲದಿರಲಿಲ್ಲ. ಪುಲಿಗೆರೆಯ ಕನ್ನಡವನ್ನು ಮೆಚ್ಚಿದ ಪಂಪನ ಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, 1910ರ ದಶಕದ ಕೊನೆಯಲ್ಲಿಯೇ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 'ವಿಜ್ಞಾನ' ಎಂಬ ಮಾಸಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು 'ಬಾಲಪ್ರಪಂಚ'ವನ್ನು ಮಕ್ಕಳ ಕೈಗಿತ್ತರು. ವಿಜ್ಞಾನವನ್ನು ಹೇಳುವ ಶಕ್ತಿ ಕನ್ನಡಕ್ಕಿದೆಯೆಂದು ಇವರು ಸಾಧಿಸಿದರು. ಅದೇ ವಿಜ್ಞಾನವನ್ನು ಹೇಳುತ್ತ ನಗಿಸುವ ಶಕ್ತಿಯೂ ಇದೆಯೆಂದು ಸಾಧಿಸಿದವರು ಸ್ವಾಮಿಯವರು.

'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ' ಎಂಬ ಅವರ ಇನ್ನೊಂದು ಪುಸ್ತಕವನ್ನು ಈ ಭಾಗದ ಅಧ್ಯಾಪಕರು ಅವಶ್ಯವಾಗಿ ಓದಬೇಕು. ಪ್ರತಿನಿತ್ಯ ಉಣ್ಣುವ ಪದಾರ್ಥಗಳಲ್ಲಿ ಎಷ್ಟೊಂದು ಸಮುದ್ರದಾಚೆಯಿಂದ ಬಂದವೆಂಬುದೇ ಅದರ ವಸ್ತು. ಈ ದೃಷ್ಟಿಯಿಂದ ಗದಗ-ಬೆಟಗೇರಿಯ ಒಂದು ಊಟದ ತಾಟನ್ನು ಪರೀಕ್ಷಿಸಿದರೆ ಆಶ್ಚರ್ಯವಾಗುತ್ತದೆ. ಜೋಳ ಆಫ್ರಿಕದ ಮೂಲದ್ದು. ಆದರೆ ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದು ಈ ನೆಲದ ಮಗುವಾಯಿತು. ರೊಟ್ಟಿಯ ಪಕ್ಕದ ಕೆಂಪು ಖಾರ, ಶೇಂಗಾ ಚಟ್ನಿ, ಬಟಾಟಿ ಪಲ್ಯ ಇವುಗಳದು ಬೇರೆಯೇ ಕಥೆ. 1492ರಲ್ಲಿ ಕೊಲಂಬಸನು ಅಮೆರಿಕವನ್ನು ಮುಟ್ಟುವವರೆಗೆ, ಪೋರ್ಚುಗೀಸರು ಈ ಕರಾವಳಿಗೆ ಬರುವವರೆಗೆ, ಇವುಗಳಲ್ಲಿ ಒಂದೂ ಇಲ್ಲಿರಲಿಲ್ಲ. ಹೀಗಾಗಿ ಬಸವಣ್ಣನವರ ಮಹಾಮನೆಯ ದಾಸೋಹದಲ್ಲಿ ಮೆಣಸಿನಕಾಯಿ ಇರಲಿಲ್ಲವೆಂದು ಧೈರ್ಯವಾಗಿ ಹೇಳಬಹುದು. ಅಲ್ಲಿದ್ದ ಖಾರ ಕರಿಮೆಣಸಿನದು. ಹೊಸದಾಗಿ ಬಂದ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಅಂಟಿಸಿ ಜನ ಮೆಣಸಿನಕಾಯಿ ಎಂದರು. ಬಟಾಟಿ ಎಂಬ ಮಾತಂತೂ ಪೋರ್ಚುಗೀಸರ ಬಾಯಿಂದ ನೇರವಾಗಿ ಬಂದು ಈ ಸೀಮೆಯಲ್ಲಿ ನಿಂತುಬಿಟ್ಟಿದೆ. ಸಂಜೆ ಗದಗಿನ ಅಂಗಡಿಯ ಮುಂದೆ ನಿಂತು ಬಿಸಿ ಮಿರ್ಚಿಯನ್ನು ಕಚ್ಚುವವನು, ಹಳೆಯ ಕಾಲದ ಕಡಲೆಹಿಟ್ಟಿನೊಳಗೆ ಸುತ್ತಿಟ್ಟ ಅಮೆರಿಕವನ್ನು ಕಚ್ಚುತ್ತಾನೆ.

ಶೇಂಗಾದ ವಿಷಯವೂ ಹಾಗೆಯೇ. ಅದರ ಹಳದಿ ಹೂ ನೆಲದ ಮೇಲೆ ಅರಳುತ್ತದೆ, ಕಾಯಿ ಮಾತ್ರ ನೆಲದೊಳಗೆ ಕಟ್ಟುತ್ತದೆ. ಗರ್ಭಕಟ್ಟಿದ ಬಳಿಕ ಹೂವಿನ ಬುಡದಿಂದ ಸೂಜಿಯಂಥ ಭಾಗವೊಂದು ಬಾಗಿ ಬೆಳೆದು ಮಣ್ಣನ್ನು ಹೊಕ್ಕು, ಕತ್ತಲೆಯಲ್ಲಿ ಕಾಯಾಗುತ್ತದೆ. ಮುಂಡರಗಿ, ಶಿರಹಟ್ಟಿಗಳ ರೈತರ ಮಕ್ಕಳು ಇದನ್ನು ಕಣ್ಣಾರೆ ಕಂಡವರು. ಕಂಡದ್ದನ್ನು ತರಗತಿಯಲ್ಲಿ ಹೇಳುವುದಕ್ಕೆ ಅವರಿಗೆ ಅಪ್ಪಣೆ ಸಿಕ್ಕಿದರೆ ಅರ್ಧ ಪಾಠವನ್ನು ಅವರೇ ಮಾಡಿಯಾರು. ಪರಭಾಷೆಯ ಪಾರಿಭಾಷಿಕ ಪದ ಬಾಯಿಗೆ ಬಾರದ ಕಾರಣಕ್ಕಾಗಿಯೇ ತಾನು ದಡ್ಡನೆಂದು ನಂಬಿ ಶಾಲೆ ಬಿಟ್ಟ ಹುಡುಗನೊಬ್ಬನಿದ್ದರೂ ಆ ನಷ್ಟ ಸಣ್ಣದಲ್ಲ. ಸ್ವಾಮಿಯವರು ಹಾರ್ವರ್ಡಿನ ಪ್ರಬಂಧಗಳಷ್ಟಕ್ಕೇ ನಿಂತಿದ್ದರೂ ಅವರ ಕೀರ್ತಿಗೆ ಕೊರತೆಯಾಗುತ್ತಿರಲಿಲ್ಲ. ಅಂಥವರು ಸಂಶೋಧನೆಯ ನಡುವೆ ಬಿಡುವು ಮಾಡಿಕೊಂಡು ಕನ್ನಡದಲ್ಲಿ ಬರೆದದ್ದು ಇಂಥ ಓದುಗನ ಪುಣ್ಯ.

ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡ ಔಷಧಸಸ್ಯಗಳ ಭಂಡಾರವೆಂದು ಹೆಸರಾದುದು. 2015ರಲ್ಲಿ ಅದಕ್ಕೆ ಸಂರಕ್ಷಿತ ಪ್ರದೇಶದ ಮಾನ್ಯತೆ ದೊರೆತು, 2016ರಲ್ಲಿ ಅದು ಹಿಂದೆಗೆಯಲ್ಪಟ್ಟಾಗ, ಗಣಿಗಾರಿಕೆಯ ಭಯದಿಂದ ಜನ ಬೀದಿಗಿಳಿದರು. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ॥ ಸಿದ್ಧಲಿಂಗ ಮಹಾಸ್ವಾಮಿಗಳು ಆ ಹೋರಾಟದ ಮುಂಚೂಣಿಯಲ್ಲಿದ್ದರು. 2017ರಲ್ಲಿ ಮಾನ್ಯತೆ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರು ಪ್ರದೇಶ ವನ್ಯಜೀವಿಧಾಮವೆಂದು ಘೋಷಿತವಾಯಿತು. ಗುಡ್ಡ ಉಳಿಯಿತು. ಆದರೆ ಗುಡ್ಡದ ಮೇಲಿನ ಗಿಡಗಳ ಹೆಸರನ್ನು ಬಲ್ಲ ಹಿರಿಯರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಬದುಕಿರುವಾಗಲೇ ಮಕ್ಕಳನ್ನು ಅವರ ಜೊತೆ ಒಂದು ದಿನ ಗುಡ್ಡ ಹತ್ತಿಸಿದರೆ, ಒಬ್ಬರು ಹೆಸರು ಹೇಳಿ ಇನ್ನೊಬ್ಬರು ಎಲೆ ಬರೆದುಕೊಂಡರೆ, ಅದು 'ಹಸುರು ಹೊನ್ನಿ'ನ ಕ್ರಮವೇ ಆದೀತು. ಇದಕ್ಕೆ ಬೇಕಾದ ಖರ್ಚು ಒಂದು ಬಸ್ಸಿನ ಬಾಡಿಗೆ, ಒಂದು ಬುತ್ತಿ.

ಅವರ 'ಕಾಲೇಜುರಂಗ'ವನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 1976ರಲ್ಲಿ ಚಲನಚಿತ್ರವನ್ನು ತೆಗೆದರು. 1978ರಲ್ಲಿ 'ಹಸುರು ಹೊನ್ನು' ಗ್ರಂಥಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹನ್ನೊಂದು ವರ್ಷಗಳ ಹಿಂದೆ, 1967ರಲ್ಲಿ, ಅದೇ ಪ್ರಶಸ್ತಿ ತಂದೆಯವರ ಗೀತಾತಾತ್ಪರ್ಯಕ್ಕೆ ಸಂದಿತ್ತು. ತಂದೆ ಭಗವದ್ಗೀತೆಯನ್ನು ಜೀವನಧರ್ಮವಾಗಿ ವಿವರಿಸಿದರು, ಮಗ ಗಿಡಮರಗಳ ಧರ್ಮವನ್ನು ನಗೆಮಾತಿನಲ್ಲಿ ವಿವರಿಸಿದರು. ಮಗನಿಗೆ ಬಂದ ಮನ್ನಣೆಯನ್ನು ನೋಡಲು 1975ರಲ್ಲಿಯೇ ತೀರಿಕೊಂಡಿದ್ದ ಗುಂಡಪ್ಪನವರು ಇರಲಿಲ್ಲ.

ಸ್ವಾಮಿಯವರೂ ಬಹಳ ಕಾಲ ಉಳಿಯಲಿಲ್ಲ. ಬರೆಯುವ ಹುಮ್ಮಸ್ಸು ತುಂಬಿದ್ದ ವಯಸ್ಸಿನಲ್ಲಿಯೇ, 1980ರಲ್ಲಿ, ದಿವಂಗತರಾದರು. ಅವರು ಯೌವನದಲ್ಲಿ ಗುರುವಿನೊಡನೆ ಸೀಳಿ ನೋಡಿದ್ದ ಆ ನಾಳವಿಲ್ಲದ ಗಿಡವನ್ನು ವಿಜ್ಞಾನಿಗಳು ಮತ್ತೆ ಕೈಗೆತ್ತಿಕೊಂಡರು. 1999ರಲ್ಲಿ ಅದರ ಡಿ.ಎನ್.ಎ.ಯನ್ನು ಪರೀಕ್ಷಿಸಿ, ಇಂದು ಬದುಕಿರುವ ಹೂಬಿಡುವ ಸಸ್ಯಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಅಂಬೊರೆಲ್ಲದ್ದೆಂದು ಕಂಡುಕೊಂಡರು.