ಅಗಸ್ಟಿನ್ ಲೂಯಿ ಕೋಶಿ

1789ನೆಯ ಜುಲೈ ತಿಂಗಳಲ್ಲಿ ಪ್ಯಾರಿಸಿನ ಜನರು ಬಾಸ್ಟೀಲ್ ಸೆರೆಮನೆಯನ್ನು ಮುತ್ತಿ ವಶಪಡಿಸಿಕೊಂಡರು. ಮರುತಿಂಗಳು 21ರಂದು ಅದೇ ನಗರದಲ್ಲಿ ಅಗಸ್ಟಿನ್ ಲೂಯಿ ಕೋಶಿ ಜನಿಸಿದನು. ಅವನ ತಂದೆ ಅರಸೊತ್ತಿಗೆಯ ಅಧಿಕಾರಿ. ಕ್ರಾಂತಿಯ ಭೀಕರ ದಿನಗಳಲ್ಲಿ ಅವನು ಪ್ರಾಣಭಯದಿಂದ ಸಂಸಾರಸಮೇತನಾಗಿ ಆರ್ಕೈ ಎಂಬ ಹಳ್ಳಿಯನ್ನು ಸೇರಿದನು. ಅಲ್ಲಿ ಹೊಟ್ಟೆ ತುಂಬ ರೊಟ್ಟಿಗೂ ಕೊರತೆಯಿತ್ತು. ಹೀಗೆ ಎಳೆಯ ವಯಸ್ಸಿನಲ್ಲಿಯೇ ಕ್ರಾಂತಿಯ ಕಹಿಯನ್ನುಂಡ ಕೋಶಿ ಕೊನೆಯವರೆಗೂ ರಾಜನಿಷ್ಠನಾಗಿಯೇ ಉಳಿದನು.

ಓದು ಮುಗಿಸಿ, ಶೆರ್‌ಬುರ್ ಬಂದರಿನ ಕಾಮಗಾರಿಯಲ್ಲಿ ಕೆಲಕಾಲ ಎಂಜಿನಿಯರನಾಗಿ ದುಡಿದು, ಅವನು ಗಣಿತಕ್ಕೆ ಮರಳಿದನು. 1816ರಲ್ಲಿ ಅರಸನು ಹಿರಿಯ ಗಣಿತಜ್ಞ ಮೊಂಜನನ್ನು ವಿಜ್ಞಾನ ಅಕಾಡೆಮಿಯಿಂದ ಹೊರಹಾಕಿದಾಗ, ಆ ಪೀಠವನ್ನು ಕೋಶಿ ಸಂಕೋಚವಿಲ್ಲದೆ ಸ್ವೀಕರಿಸಿದನು. ನಾರ್ವೆಯ ತರುಣ ಆಬೆಲ್ 1826ರಲ್ಲಿ ಒಪ್ಪಿಸಿದ ಅಮೂಲ್ಯ ಪ್ರಬಂಧವು ಪರಿಶೀಲನೆಗಾಗಿ ಅವನ ಬಳಿಗೆ ಬಂದು, ಅಲಕ್ಷ್ಯಕ್ಕೆ ಒಳಗಾಯಿತು. ಆಬೆಲ್ 1829ರಲ್ಲಿ ತೀರಿಕೊಂಡನು. ಕೋಶಿಯ ಹಿರಿಮೆಯನ್ನು ಹೇಳುವಾಗ ಈ ಮಾತುಗಳನ್ನು ಮರೆಮಾಚುವುದು ನ್ಯಾಯವಲ್ಲ.

1830ರಲ್ಲಿ ಮತ್ತೆ ಕ್ರಾಂತಿಯಾಗಿ ಅರಸ ಹತ್ತನೆಯ ಚಾರ್ಲ್ಸ್ ದೇಶ ಬಿಟ್ಟನು. ಹೊಸ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಕೋಶಿ ಒಪ್ಪಲಿಲ್ಲ. ಅಧ್ಯಾಪಕ ಹುದ್ದೆಗಳೆಲ್ಲ ಕೈಬಿಟ್ಟವು. ಟ್ಯೂರಿನ್ನಿನಲ್ಲಿ ಪಾಠ ಹೇಳಿ, ಬಳಿಕ ಪ್ರಾಗ್ ನಗರದಲ್ಲಿ ಪದಚ್ಯುತ ಅರಸನ ಮೊಮ್ಮಗನಿಗೆ ಗುರುವಾಗಿ, 1838ರಲ್ಲಿ ಅವನು ಪ್ಯಾರಿಸಿಗೆ ಹಿಂದಿರುಗಿದನು. ಅಕಾಡೆಮಿಯ ಸದಸ್ಯರಿಗೆ ಮಾತ್ರ ಪ್ರಮಾಣದ ಕಟ್ಟು ಇರಲಿಲ್ಲ. ಆದುದರಿಂದ ಅವನ ಲೇಖನಗಳು ಅಕಾಡೆಮಿಯ ವಾರಪತ್ರಿಕೆಯಲ್ಲಿ ಹೊಳೆಯಂತೆ ಹರಿದುಬಂದವು.

ಅವುಗಳಲ್ಲೊಂದು 1847ರ ಅಕ್ಟೋಬರ್ 18ರ ಲೇಖನ. ಅದು ಕೇವಲ ಮೂರು ಪುಟಗಳದು. ಆಕಾಶಕಾಯದ ಪಥವನ್ನು ಗೊತ್ತುಪಡಿಸಲು ಆರು ಸಂಖ್ಯೆಗಳು ಬೇಕು. ಅವು ಅನೇಕ ಸಮೀಕರಣಗಳಲ್ಲಿ ಹೆಣೆದುಕೊಂಡಿರುತ್ತವೆ. ಬಿಡಿಸುವ ಬಗೆ ಹೇಗೆ? ಪ್ರತಿಯೊಂದು ಸಮೀಕರಣದ ತಪ್ಪನ್ನೂ ವರ್ಗ ಮಾಡಿ ಕೂಡಿದರೆ ಒಂದೇ ಮೊತ್ತ ದೊರೆಯುತ್ತದೆ. ಆ ಮೊತ್ತ ಸೊನ್ನೆಯಾದರೆ ಸಮೀಕರಣಗಳೆಲ್ಲವೂ ಬಿಡಿಸಿದಂತೆಯೇ. ಮಂಜು ಮುಸುಕಿದ ಬೆಟ್ಟದ ಮೇಲೆ ನಿಂತವನಿಗೆ ಕಣಿವೆ ಕಾಣದು. ಆದರೆ ಕಾಲಬುಡದ ಇಳಿಜಾರು ತಿಳಿಯುತ್ತದೆ. ಅತ್ಯಂತ ಕಡಿದಾಗಿ ಇಳಿಯುವ ದಿಕ್ಕನ್ನು ಹಿಡಿಯಬೇಕೆಂಬುದು ಕೋಶಿಯ ಮೊದಲ ಮಾತು. ಎಷ್ಟು ದೂರ ನಡೆಯಬೇಕು? ಹೆಜ್ಜೆ ತೀರ ಕಿರಿದಾದರೆ ದಾರಿ ಸಾಗದು. ತೀರ ಹಿರಿದಾದರೆ ಎದುರಿನ ಏರನ್ನು ಹತ್ತಿದಂತಾಗುತ್ತದೆ. ಆ ಒಂದೇ ರೇಖೆಯ ಮೇಲೆ ಮೊತ್ತವು ಎಲ್ಲಿಯವರೆಗೆ ಇಳಿಯುವುದೋ ಅಲ್ಲಿಯವರೆಗೆ ನಡೆದು, ನಿಂತು, ಹೊಸ ದಿಕ್ಕನ್ನು ಆರಿಸಬೇಕೆಂದು ಅವನು ತೋರಿಸಿದನು. ಆರು ಅಜ್ಞಾತಗಳ ತೊಡಕು ಹೀಗೆ ಹೆಜ್ಜೆಯ ಉದ್ದವೆಂಬ ಒಂದೇ ಅಜ್ಞಾತಕ್ಕೆ ಇಳಿಯಿತು. ದಾರಿ ಹಲವು ವೇಳೆ ಅಂಕುಡೊಂಕಾಗಿ ನಿಧಾನವಾಗುವುದೆಂಬುದು ನಿಜ.

1848ರಲ್ಲಿ ಪ್ರಮಾಣದ ನಿಯಮವು ರದ್ದಾದ ಮೇಲೆ ಕೋಶಿಗೆ ಮತ್ತೆ ಪ್ರಾಧ್ಯಾಪಕ ಪೀಠ ದೊರೆಯಿತು. 1857ನೆಯ ಮೇ 23ರಂದು ಸೋ ಎಂಬ ಊರಿನಲ್ಲಿ ಅವನು ನಿಧನ ಹೊಂದಿದನು. ಹೆಜ್ಜೆಯ ಉದ್ದದ ಪ್ರಶ್ನೆ ಮಾತ್ರ ಗಣಿತಜ್ಞರನ್ನು ಬಿಡಲಿಲ್ಲ. ಸರಿಯಾದ ಉದ್ದವನ್ನೇ ಹುಡುಕುತ್ತ ಕೂಡಬೇಕಾಗಿಲ್ಲ, ಮೊತ್ತವು ಸಾಕಷ್ಟು ಇಳಿಯುವವರೆಗೆ ಹೆಜ್ಜೆಯನ್ನು ಅರ್ಧ ಅರ್ಧವಾಗಿ ಕುಗ್ಗಿಸಿದರೆ ಸಾಕು ಎಂಬ ಸುಲಭ ನಿಯಮವನ್ನು 1966ರಲ್ಲಿ ಆರ್ಮಿಹೊ ಎಂಬ ಗಣಿತಜ್ಞನು ಪ್ರಕಟಿಸಿದನು. ಇಂದಿನ ಗಣಕಯಂತ್ರಗಳು ಆ ನಿಯಮದಂತೆಯೂ ಹೆಜ್ಜೆಯಿಡುತ್ತವೆ.