ಹೊಳೆಯ ದಂಡೆಯಲ್ಲಿ ಗೆದ್ದ ದಾಂಪತ್ಯ: ರೈತ ಸಂತ ಇಸಿದೋರ ಮತ್ತು ಮರಿಯ



ಶ್ರಾವಣದ ಮಳೆಗೆ ಕಾಗಿಣಾ ನದಿ ತುಂಬಿ ಬಂದಾಗ ಮಳಖೇಡದ ಕೋಟೆಯ ಬದಿಯಲ್ಲಿ ನಿಂತು ನೋಡಿದವರಿಗೆ ಹೊಳೆಯ ಭಯ ಎಂಥದ್ದೆಂದು ಬಿಡಿಸಿ ಹೇಳಬೇಕಾಗಿಲ್ಲ. ಆಚೆ ದಂಡೆಯ ಹೊಲ ಕಣ್ಣಿಗೆ ಕಾಣುತ್ತದೆ, ಕಾಲಿಗೆ ಸಿಗುವುದಿಲ್ಲ. ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಈ ಊರನ್ನು 972ರಲ್ಲಿ ಮಾಳವದ ಪರಮಾರ ದೊರೆ ಸೀಯಕ ಕೊಳ್ಳೆ ಹೊಡೆದ. ಆಮೇಲೂ ಇಲ್ಲಿ ದೊರೆಗಳು ಬಂದರು, ಹೋದರು. ಧ್ವಜ ಬದಲಾದರೂ ಕರಿಮಣ್ಣಿನಲ್ಲಿ ಜೋಳ, ತೊಗರಿ ಬಿತ್ತುವ ಕೈಗಳು ಬದಲಾಗಲಿಲ್ಲ. ಎರಡು ರಾಜ್ಯಗಳ ನಡುವೆ ಸಿಕ್ಕಿಕೊಂಡ ಒಕ್ಕಲುಮನೆಯ ಬದುಕು ಏನೆಂಬುದು ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯವರ ರಕ್ತದಲ್ಲಿಯೇ ಇದೆ.

ಇಂತಹದೇ ಒಂದು ಗಡಿನಾಡಿನಲ್ಲಿ ಬೇರೆಯವರ ಹೊಲ ಉತ್ತು ಬದುಕಿದ ದಂಪತಿಯ ಕಥೆಯಿದು. ಗಂಡ ಸಂತ ಇಸಿದೋರರು, ಹೆಂಡತಿ ಪುನೀತೆ ಮರಿಯ. ಊರು ಸ್ಪೇನ್ ದೇಶದ ಮದ್ರಿದ್.

ಇಂದು ಮದ್ರಿದ್ ದೊಡ್ಡ ರಾಜಧಾನಿ. ಆದರೆ ಹನ್ನೊಂದನೆಯ ಶತಮಾನದಲ್ಲಿ ಅದು ಮುಸ್ಲಿಂ ಅರಸರು ಕಟ್ಟಿದ ಒಂದು ಚಿಕ್ಕ ಕೋಟೆಯೂರು. 1085ರಲ್ಲಿ ತೊಲೇದೊ ನಗರ ಕ್ರೈಸ್ತ ದೊರೆ ಆರನೆಯ ಅಲ್ಫೊನ್ಸೊನ ವಶವಾಯಿತು. ಅದೇ ಹೊತ್ತಿನಲ್ಲಿ ಮದ್ರಿದ್ ಕೂಡ ಅವನ ಕೈಸೇರಿತು. ನಮ್ಮ ಕಡೆ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಾಲವದು. ಇಸಿದೋರರು ಹುಟ್ಟಿದ್ದು ಈ ವರ್ಷಗಳ ಆಸುಪಾಸಿನಲ್ಲಿ, ಬಡ ಕುಟುಂಬದಲ್ಲಿ. ಸೆವಿಲ್ಲಾ ನಗರದ ಮಹಾಪಂಡಿತ ಬಿಷಪ್ ಸಂತ ಇಸಿದೋರರ ಹೆಸರನ್ನು ಮಗುವಿಗೆ ಇಟ್ಟರು. ಹೆಸರು ಪಂಡಿತರದ್ದಾದರೂ ಹುಡುಗನ ಪಾಲಿಗೆ ಬಂದದ್ದು ನೇಗಿಲು.

ಗಡಿಯಲ್ಲಿ ನೆಮ್ಮದಿ ಎಲ್ಲಿಯದು? ಹನ್ನೆರಡನೆಯ ಶತಮಾನದ ಆರಂಭದಲ್ಲಿ ಆಫ್ರಿಕಾ ಕಡೆಯಿಂದ ಬಂದ ಅಲ್ಮೊರಾವಿದ್ ಪಡೆಗಳು ಮದ್ರಿದ್ ಮೇಲೆ ಎರಗಿದವು. ಅನೇಕರು ಮನೆಮಾರು ಬಿಟ್ಟು ಓಡಿದರು. ಇಸಿದೋರರೂ ಉತ್ತರದ ತೊರ್ರೆಲಗುನಾ ಎಂಬ ಊರಿಗೆ ಹೋಗಿ ಕೂಲಿಗೆ ನಿಂತರು ಎಂದು ಪರಂಪರೆ ಹೇಳುತ್ತದೆ. ಅಲ್ಲಿಯೇ ಆ ಸೀಮೆಯ ದೈವಭಕ್ತೆ ಮರಿಯಳ ಕೈಹಿಡಿದರು. ಇಬ್ಬರಿಗೂ ಆಸ್ತಿ ಇರಲಿಲ್ಲ. ಇದ್ದದ್ದು ದುಡಿಯುವ ಕೈ, ಪ್ರಾರ್ಥಿಸುವ ಬಾಯಿ.

ಮುಂದೆ ದಂಪತಿ ಮದ್ರಿದ್‌ಗೆ ಮರಳಿದರು. ಇಸಿದೋರರು ಹುವಾನ್ ದೆ ವರ್ಗಾಸ್ ಎಂಬ ಜಮೀನುದಾರರ ಹೊಲಗಳಲ್ಲಿ ದುಡಿಯುತ್ತಿದ್ದರು. ಬೆಳಿಗ್ಗೆ ದೇವಾಲಯಕ್ಕೆ ಹೋಗಿ ಪ್ರಾರ್ಥಿಸಿದ ಮೇಲೆಯೇ ಎತ್ತಿಗೆ ನೊಗ ಹೂಡುವುದು ಅವರ ಪದ್ಧತಿ. ಇದು ಕೆಲವರ ಕಣ್ಣು ಕುಕ್ಕಿತು. ಅವರು ಧಣಿಯ ಬಳಿ ಹೋಗಿ ಚಾಡಿ ಹೇಳಿದರು: ಈ ಆಳು ಭಕ್ತಿಯ ನೆಪದಲ್ಲಿ ಹೊತ್ತು ಕಳೆಯುತ್ತಾನೆ, ನಿಮ್ಮ ಹೊಲ ಹಾಳಾಗುತ್ತಿದೆ ಎಂದು. ಸಿಟ್ಟಿಗೆದ್ದ ಧಣಿ ಒಂದು ಮುಂಜಾನೆ ಮರೆಯಲ್ಲಿ ನಿಂತು ಕಾದರು. ಇಸಿದೋರರು ತಡವಾಗಿ ಬಂದದ್ದು ನಿಜ. ಆದರೆ ಅವರ ನೇಗಿಲಿನ ಅಕ್ಕಪಕ್ಕದಲ್ಲಿ ಬಿಳಿಯ ಎತ್ತುಗಳ ಇನ್ನೆರಡು ನೇಗಿಲು ಉಳುತ್ತಿರುವುದು ಧಣಿಯ ಕಣ್ಣಿಗೆ ಬಿತ್ತು. ಹತ್ತಿರ ಹೋದಾಗ ಅಲ್ಲಿ ಇಸಿದೋರರ ಹೊರತು ಯಾರೂ ಇರಲಿಲ್ಲ. ಅಂದಿನಿಂದ ಧಣಿ ಚಾಡಿಕೋರರ ಮಾತಿಗೆ ಕಿವಿಗೊಡಲಿಲ್ಲ.

ಈ ಘಟನೆಯನ್ನು ಹದಿಮೂರನೆಯ ಶತಮಾನದ ಕೊನೆಯ ಭಾಗದ ಒಂದು ಲತೀನ್ ಹೊತ್ತಗೆ ತಿಳಿಸುತ್ತದೆ. ಇಸಿದೋರರ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಬರಹ ಅದೇ. ಅದರಲ್ಲಿ ಅವರ ಮನೆಯ ಒಳಗಿನ ಒಂದು ಚಿತ್ರವೂ ಇದೆ. ಒಂದು ಶನಿವಾರ ಹಸಿದ ಬಡವನೊಬ್ಬ ಬಾಗಿಲಿಗೆ ಬಂದ. ಉಳಿದ ಅಡುಗೆಯನ್ನು ಅವನಿಗೆ ಬಡಿಸುವಂತೆ ಇಸಿದೋರರು ಹೆಂಡತಿಗೆ ಹೇಳಿದರು. ಗಡಿಗೆ ಬರಿದಾಗಿರುವುದು ಆಕೆಗೆ ಗೊತ್ತು. ಆದರೂ ಗಂಡನನ್ನು ಅತಿಥಿಯ ಮುಂದೆ ತಲೆತಗ್ಗಿಸುವಂತೆ ಮಾಡದೆ ಎದ್ದು ಒಲೆಯ ಬಳಿ ಹೋದರು. ಗಡಿಗೆ ತುಂಬಿತ್ತು!

ಇನ್ನೊಮ್ಮೆ ಚಳಿಗಾಲದಲ್ಲಿ ಇಸಿದೋರರು ಗೋಧಿಯ ಚೀಲ ಹೊತ್ತು ಬೀಸಲು ಹೊರಟಿದ್ದರು. ಹಿಮ ಮುಚ್ಚಿದ ನೆಲದ ಮೇಲೆ ಪಾರಿವಾಳಗಳು ಕಾಳಿಲ್ಲದೆ ಕುಳಿತಿದ್ದವು. ಕಾಲಿನಿಂದ ಹಿಮ ಸರಿಸಿ ಅವಕ್ಕೆ ಗೋಧಿ ಸುರಿದರು. ಜೊತೆಯವನು ನಕ್ಕ. ಗಿರಣಿಗೆ ಹೋಗಿ ನೋಡಿದರೆ ಚೀಲ ಮೊದಲಿನಂತೆಯೇ ಇತ್ತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ನಮ್ಮ ರೈತರಿಗೆ ಈ ಮನಸ್ಸು ಅಪರಿಚಿತವಲ್ಲ. ದುಡಿದದ್ದರಲ್ಲಿ ಹಕ್ಕಿಗೂ ಒಂದು ಪಾಲು.

ಈ ದಂಪತಿಗೆ ಇಲ್ಯಾನ್ ಎಂಬ ಒಬ್ಬ ಮಗನಿದ್ದ. ಕೂಸು ಆಳವಾದ ಬಾವಿಗೆ ಬಿದ್ದಾಗ ತಂದೆತಾಯಿಯರು ಮೊಣಕಾಲೂರಿ ಪ್ರಾರ್ಥಿಸಿದರೆಂದೂ, ಬಾವಿಯ ನೀರು ಮೇಲೇರಿ ಬಂದು ಮಗುವನ್ನು ದಡಕ್ಕೆ ಮುಟ್ಟಿಸಿತೆಂದೂ ಮದ್ರಿದ್ ಜನರ ನಂಬಿಕೆ. ಆ ಬಾವಿಯನ್ನು ಅಲ್ಲಿನ ವಸ್ತುಸಂಗ್ರಹಾಲಯವೊಂದರಲ್ಲಿ ಇಂದಿಗೂ ತೋರಿಸುತ್ತಾರೆ. ಇದಾದ ಬಳಿಕ ಗಂಡಹೆಂಡಿರು ಪರಸ್ಪರ ಒಪ್ಪಿ ವ್ರತ ತೊಟ್ಟು ಬೇರೆ ಬೇರೆ ಕಡೆ ವಾಸಮಾಡಿದರು. ಇಸಿದೋರರು ಹೊಲದ ಕೆಲಸದಲ್ಲಿ ಮುಂದುವರಿದರು. ಮರಿಯ ಹರಾಮಾ ನದಿಯ ಸೀಮೆಯ ಕರಾಕಿಸ್ ಎಂಬಲ್ಲಿ ನೆಲೆಸಿದರು. ಹೊಳೆಯಾಚೆಗೆ ದೇವಮಾತೆಯ ಒಂದು ಚಿಕ್ಕ ಗುಡಿ. ಅದನ್ನು ಗುಡಿಸಿ, ಸಾರಿಸಿ, ದೀಪಕ್ಕೆ ಎಣ್ಣೆ ಹಾಕುವುದು ಆಕೆಯ ನಿತ್ಯದ ಸೇವೆ.

ಸೈತಾನನು ಬಾಗಿಲು ಕಂಡುಕೊಂಡದ್ದು ಇಲ್ಲಿಯೇ. ದೂರದಲ್ಲಿ ದುಡಿಯುತ್ತಿದ್ದ ಇಸಿದೋರರ ಕಿವಿಗೆ ಒಂದು ಮಾತು ಬಿತ್ತು. ದೀಪದ ನೆಪಮಾಡಿಕೊಂಡು ನಿನ್ನ ಹೆಂಡತಿ ಹೊಳೆದಂಡೆಯ ಕುರುಬರನ್ನು ಕಾಣಲು ಹೋಗುತ್ತಾಳೆ ಎಂಬ ಮಾತು. ಹೇಳಿದವನ ಹೆಸರನ್ನು ಪರಂಪರೆ ಉಳಿಸಿಕೊಂಡಿಲ್ಲ. ಅದು ಮನುಷ್ಯವೇಷದಲ್ಲಿ ಬಂದ ಸೈತಾನನೇ ಎಂದು ಕೆಲವರು ಹೇಳುತ್ತಾರೆ. ಇಂತಹ ಮಾತು ಹೇಳುವವನು ಯಾವ ಊರಿನಲ್ಲಿ ಇಲ್ಲ? ಅವನಿಗೆ ಆ ಮನೆಯ ಅನ್ನ ಬೇಡ, ಹೊಲ ಬೇಡ. ಆ ಮನೆಯ ನೆಮ್ಮದಿ ಕೆಟ್ಟರೆ ಸಾಕು.

ಇಸಿದೋರರ ಎದೆಗೆ ಮುಳ್ಳು ನೆಟ್ಟಿತು. ಅವರು ಸಂತರಾಗುವ ಮುಂಚೆ ಗಂಡಸು, ಗಂಡ. ಹೆಂಡತಿಯ ಮೇಲೆ ಅಪಾರ ವಿಶ್ವಾಸವಿದ್ದರೂ ಕೇಳಿದ ಮಾತು ಕಿವಿಯಿಂದ ಹೊರಟುಹೋಗಲಿಲ್ಲ. ಅವರು ಹೊಳೆಯ ಕಡೆಗೆ ನಡೆದು, ಕಾಣದಂತೆ ನಿಂತರು. ಹಿಂದೆ ಧಣಿ ಅವರನ್ನು ನೋಡಲು ಮರೆಯಲ್ಲಿ ನಿಂತಿದ್ದ ಹಾಗೆಯೇ. ಚಾಡಿ ಮಾತಿನಿಂದ ತಾವು ನೊಂದಿದ್ದವರು ಈಗ ಚಾಡಿ ಮಾತು ಕೇಳಿ ಇನ್ನೊಬ್ಬರನ್ನು ಪರೀಕ್ಷಿಸಲು ನಿಂತಿದ್ದರು. ಮನುಷ್ಯನ ಬಲಹೀನತೆ ನೋಡಿ!

ಅಂದು ಹರಾಮಾ ತುಂಬಿ ಹರಿಯುತ್ತಿತ್ತು. ಮರಿಯ ಒಬ್ಬರೇ ಬಂದರು. ಕೈಯಲ್ಲಿ ಗುಡಿಯ ದೀಪದ ಎಣ್ಣೆ. ದಾಟುವ ದಾರಿ ಕಾಣದು. ಆಕೆ ಶಿಲುಬೆಯ ಗುರುತು ಮಾಡಿ, ಹೊದ್ದಿದ್ದ ಬಟ್ಟೆಯನ್ನು ತೆಗೆದು ನೀರಿನ ಮೇಲೆ ಹಾಸಿ ಅದರ ಮೇಲೆ ಕಾಲಿಟ್ಟರು. ದೋಣಿಯಲ್ಲಿ ಕುಳಿತವರಂತೆ ಆಚೆ ದಂಡೆ ಸೇರಿದರು. ದೀಪ ಹಚ್ಚಿ ಬಂದರು. ಕುರುಬರೂ ಇಲ್ಲ, ಕಪಟವೂ ಇಲ್ಲ. ಮರೆಯಲ್ಲಿ ನಿಂತಿದ್ದ ಗಂಡನ ಸಂಶಯ ಹೊಳೆಯಲ್ಲಿ ಕೊಚ್ಚಿಹೋಯಿತು.

ಒಂದು ಮಾತನ್ನು ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕು. ಹಳೆಯ ಲತೀನ್ ಹೊತ್ತಗೆಯಲ್ಲಿ ಹೆಂಡತಿಯ ಹೆಸರಿಲ್ಲ, ಹೊಳೆಯ ಕಥೆಯೂ ಇಲ್ಲ. ಅದು ಜನರ ಬಾಯಿಂದ ಬಾಯಿಗೆ ಬಂದ ಪರಂಪರೆ. ಆದರೆ ಆ ರೈತಜನ ತಮ್ಮ ಸಂತ ದಂಪತಿಯ ಬಗ್ಗೆ ನೆನಪಿಟ್ಟುಕೊಂಡದ್ದೇನು ಎಂಬುದನ್ನು ಗಮನಿಸಿ. ಸಂತರ ಮನೆಗೂ ಸಂಶಯ ನುಗ್ಗಿತ್ತು ಎಂಬುದನ್ನು ಅವರು ಮುಚ್ಚಿಡಲಿಲ್ಲ.

ಇಸಿದೋರರು ಮಾಡಿದ್ದಕ್ಕಿಂತ ಮಾಡದೆ ಬಿಟ್ಟದ್ದು ನಮಗೆ ಹೆಚ್ಚಿನ ಪಾಠ. ಅವರು ಕೈ ಎತ್ತಲಿಲ್ಲ. ನಾಲ್ಕು ಜನರ ಮುಂದೆ ಹೆಂಡತಿಯ ಮಾನ ಕಳೆಯಲಿಲ್ಲ. ಸತ್ಯ ತಿಳಿಯುವ ತನಕ ತೀರ್ಪು ಕೊಡಲಿಲ್ಲ. ಮರೆಯಲ್ಲಿ ನಿಲ್ಲುವ ಬದಲು ನೇರವಾಗಿ ಹೆಂಡತಿಯನ್ನೇ ಕೇಳಿದ್ದರೆ ಇನ್ನೂ ಚೆನ್ನಾಗಿತ್ತು ಎಂದು ನಿಮಗೆ ಅನ್ನಿಸಬಹುದು. ನಿಜವೇ. ನಮ್ಮ ಮನೆಗಳಲ್ಲಿ ಹೊಳೆಯ ಮೇಲೆ ಬಟ್ಟೆ ಹಾಸಿ ಸಾಕ್ಷಿ ತೋರಿಸಬಲ್ಲ ಹೆಂಡತಿಯರು ಎಷ್ಟು ಜನ? ತಪ್ಪಿಲ್ಲದಿದ್ದರೂ ಸಾಕ್ಷಿ ತೋರಿಸಲಾರದೆ ಕಣ್ಣೀರು ಕುಡಿಯುವವರೇ ಹೆಚ್ಚು.

ಮಳೆ ಕೈಕೊಟ್ಟ ವರ್ಷ ನಮ್ಮ ತಾಲ್ಲೂಕುಗಳಿಂದ ಹೈದರಾಬಾದು, ಪುಣೆ, ಮುಂಬಯಿಗೆ ದುಡಿಯಲು ಹೋಗುವ ಗಂಡಂದಿರಿದ್ದಾರೆ. ಹಿಂದೆ ಉಳಿದ ಹೆಂಡತಿ ಹೊಲ ನೋಡಬೇಕು, ಮಕ್ಕಳನ್ನು ನೋಡಬೇಕು, ಅತ್ತೆಮಾವಂದಿರನ್ನು ನೋಡಬೇಕು. ಆಕೆ ಗೊಬ್ಬರಕ್ಕೆ ಪೇಟೆಗೆ ಹೋದರೂ ಮಾತು, ದೇವಾಲಯಕ್ಕೆ ಹೋದರೂ ಮಾತು. ಹಿಂದೆ ಅದು ಗುಡಿಕಟ್ಟೆಯ ಮೇಲೆ ಹುಟ್ಟುತ್ತಿತ್ತು. ಈಗ ಕ್ಷಣದಲ್ಲಿ ಮೊಬೈಲಿನಲ್ಲಿ ಪರವೂರಿನ ಗಂಡನಿಗೆ ಮುಟ್ಟುತ್ತದೆ. ಒಂದು ಕರೆಗೆ ಇಪ್ಪತ್ತು ವರ್ಷದ ಸಂಸಾರ ಒಡೆಯಬಹುದು. ಅಂತಹ ಕರೆ ಬಂದಾಗ ಗಂಡನಾದವನು ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಮಾತು ತಂದವನು ನನ್ನ ಮನೆಗೆ ಇದುವರೆಗೆ ಏನು ಒಳ್ಳೆಯದು ಮಾಡಿದ್ದಾನೆ? ಹಾಗೆಯೇ ಚಾಡಿ ಹೇಳಲು ನಾಲಿಗೆ ತುರಿಸುವವರು, ತಾವು ಯಾರ ಕೆಲಸವನ್ನು ಮಾಡುತ್ತಿದ್ದೇವೆಂದು ಎದೆ ಮುಟ್ಟಿ ನೋಡಿಕೊಳ್ಳಲಿ.

ಇಸಿದೋರರು ಹನ್ನೆರಡನೆಯ ಶತಮಾನದಲ್ಲಿ ತೀರಿಕೊಂಡರು. 1130 ಎಂದು ಹಳೆಯ ಲೆಕ್ಕ, 1172 ಎಂದು ಇನ್ನೊಂದು ಲೆಕ್ಕ. ಬಡ ಆಳಿನ ದೇಹವನ್ನು ಸಂತ ಅಂದ್ರೆಯರ ದೇವಾಲಯದ ಸ್ಮಶಾನದಲ್ಲಿ ಹೂಳಿದರು. ನಲವತ್ತು ವರ್ಷಗಳ ನಂತರ ತೆಗೆದಾಗ ಅದು ಕೆಡದೆ ಇತ್ತೆಂದು ಹೇಳಲಾಗಿದೆ. ವಿಧವೆ ಮರಿಯ ಕರಾಕಿಸ್‌ನ ಗುಡಿಯ ಸೇವೆಯಲ್ಲಿಯೇ ಕಣ್ಣುಮುಚ್ಚಿದರು. ಆಕೆಯ ಶಿರಸ್ಸಿನ ಅವಶೇಷವನ್ನು ಬರಗಾಲದಲ್ಲಿ ಮಳೆಗಾಗಿ ಮೆರವಣಿಗೆಯಲ್ಲಿ ಒಯ್ಯುತ್ತಿದ್ದುದರಿಂದ ಸ್ಪೇನ್ ಜನ ಆಕೆಯನ್ನು ಶಿರಸ್ಸಿನ ಮರಿಯ ಎಂದೇ ಕರೆಯುತ್ತಾರೆ. ಯಾರ ಮಾನಕ್ಕೆ ಮಸಿ ಬಳಿಯಲು ಹೊರಟಿದ್ದರೋ, ಆಕೆಯ ತಲೆಯನ್ನೇ ಊರು ಹೊತ್ತು ಮೆರೆಸಿತು.

1622ರ ಮಾರ್ಚ್ 12ರಂದು ಹದಿನೈದನೆಯ ಗ್ರೆಗೋರಿ ಜಗದ್ಗುರುಗಳು ಐವರಿಗೆ ಸಂತ ಪದವಿ ನೀಡಿದರು. ಗೋವೆಯಲ್ಲಿ ನಾವು ದರ್ಶನ ಮಾಡುವ ಸಂತ ಫ್ರಾನ್ಸಿಸ್ ಝೇವಿಯರ್, ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್, ಆವಿಲಾದ ತೆರೇಸಾ, ಫಿಲಿಪ್ ನೇರಿ, ಇವರ ಸಾಲಿನಲ್ಲಿ ಈ ಒಕ್ಕಲಿಗನೂ ನಿಂತರು. ಮಠ ಕಟ್ಟಲಿಲ್ಲ, ಪುಸ್ತಕ ಬರೆಯಲಿಲ್ಲ, ಹೊಲ ಉತ್ತರು ಅಷ್ಟೇ. 1697ರಲ್ಲಿ ಹನ್ನೆರಡನೆಯ ಇನ್ನೊಸೆಂಟ್ ಜಗದ್ಗುರುಗಳು ಮರಿಯಳ ಭಕ್ತಿಗೆ ಧರ್ಮಸಭೆಯ ಮುದ್ರೆ ಒತ್ತಿದರು. 1769ರಲ್ಲಿ ಗಂಡಹೆಂಡಿರ ಅವಶೇಷಗಳನ್ನು ಮದ್ರಿದ್‌ನ ಒಂದೇ ದೇವಾಲಯದಲ್ಲಿ ಇರಿಸಲಾಯಿತು. ಹೊಳೆ, ಯುದ್ಧ, ಚಾಡಿ ಮಾತು ಯಾವುದೂ ಕೊನೆಗೆ ಅವರನ್ನು ಅಗಲಿಸಲಾಗಲಿಲ್ಲ.

ಮೇ 15 ಇಸಿದೋರರ ಹಬ್ಬ. ನಮ್ಮ ಕಡೆ ಬಿಸಿಲು ಕಾದು, ಹೊಲ ಹಸನು ಮಾಡಿ, ರೈತ ಮುಗಿಲು ನೋಡುವ ದಿನಗಳವು. ಮುಂಗಾರಿಗೆ ಬೀಜ ಆರಿಸುವಾಗ ನಾವು ಹುಳುಕು ಕಾಳನ್ನು ಬೇರೆ ತೆಗೆಯುತ್ತೇವೆ. ಕಿವಿಗೆ ಬಿದ್ದ ಮಾತನ್ನೂ ಹಾಗೆಯೇ ಆರಿಸೋಣ. ಈ ಸಲ ಆ ಹಬ್ಬದ ಸಂಜೆ ಮನೆಯಲ್ಲಿ ದೀಪ ಹಚ್ಚಿ, ಗಂಡಹೆಂಡಿರಿಬ್ಬರೂ ಒಟ್ಟಿಗೆ ಕುಳಿತು ಒಂದು ಜಪಸರ ಹೇಳಿ. ಮನಸ್ಸಿನಲ್ಲಿ ಉಳಿದ ಸಂಶಯವಿದ್ದರೆ ಆ ದೀಪದ ಮುಂದೆಯೇ ಮಾತಾಡಿ ಮುಗಿಸಿ.