ಪೆನ್ಸಿಲಿನಲ್ಲಿ ಬರೆದ ಅರ್ಜಿ

ನಮ್ಮ ಕಾಲೇಜಿನಲ್ಲಿ ಮುಂದೆ ಕಾನೂನು ಓದಬೇಕೆಂದಿರುವವರು ಕೆಲವರಿದ್ದೇವೆ. ದೊಡ್ಡ ವಕೀಲರ, ನ್ಯಾಯಾಧೀಶರ ಬದುಕನ್ನು ಎಲ್ಲರೂ ಬರೆಯುತ್ತಾರೆ. ನಾನು ಒಬ್ಬ ಕೈದಿಯ ಬಗ್ಗೆ ಬರೆಯುತ್ತೇನೆ: ಕ್ಲಾರೆನ್ಸ್ ಅರ್ಲ್ ಗಿಡಿಯನ್.

ಅವರು ಹುಟ್ಟಿದ್ದು 1910ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಹ್ಯಾನಿಬಲ್ ಪಟ್ಟಣದಲ್ಲಿ. ಮೂರು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಎಂಟನೇ ತರಗತಿಗೇ ಓದು ನಿಂತಿತು. ಹದಿಹರೆಯದಲ್ಲಿ ಮನೆ ಬಿಟ್ಟರು. ಕಳ್ಳತನಕ್ಕಾಗಿ ಹಲವು ಸಲ ಜೈಲು ಕಂಡರು. ಆದರ್ಶವೆಂದು ತೋರಿಸುವಂಥ ಬದುಕು ಅದಲ್ಲ.

1961ರ ಜೂನ್‌ನಲ್ಲಿ ಫ್ಲಾರಿಡಾದ ಪನಾಮ ಸಿಟಿಯಲ್ಲಿ ಬಿಲಿಯರ್ಡ್ಸ್ ಆಡುವ ಒಂದು ಜಾಗಕ್ಕೆ ಕನ್ನ ಹಾಕಿದ ಆರೋಪ ಅವರ ಮೇಲೆ ಬಂತು. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲ, ನ್ಯಾಯಾಲಯವೇ ಒಬ್ಬರನ್ನು ಕೊಡಲಿ ಎಂದು ಕೇಳಿದರು. ಮರಣದಂಡನೆ ಆಗಬಹುದಾದ ಮೊಕದ್ದಮೆಗೆ ಮಾತ್ರ ಹಾಗೆ ಕೊಡುವುದು ಆ ರಾಜ್ಯದ ಕಾನೂನಾಗಿತ್ತು. ಗಿಡಿಯನ್ ತಾವೇ ವಾದಿಸಿ ಸೋತರು. ಐದು ವರ್ಷ ಸೆರೆಯಾಯಿತು.

ಜೈಲಿನಲ್ಲಿ ಕಾನೂನು ಪುಸ್ತಕ ಓದಿ ಮೊದಲು ಫ್ಲಾರಿಡಾದ ಸುಪ್ರೀಂ ಕೋರ್ಟಿಗೆ ಬರೆದರು. ಅದು ತಿರಸ್ಕೃತವಾಯಿತು. ಬಳಿಕ, 1962ರ ಜನವರಿಯಲ್ಲಿ, ಜೈಲಿನ ಗೆರೆ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಅರ್ಜಿ ವಾಷಿಂಗ್ಟನ್‌ನ ಸುಪ್ರೀಂ ಕೋರ್ಟನ್ನು ತಲುಪಿತು.

ನನಗೆ ಬಹಳ ಮುಖ್ಯವೆನಿಸಿದ್ದು ಈ ಹಂತ. ಫೀಸು ಕಟ್ಟಲಾಗದವರೂ ಫೆಡರಲ್ ಕೋರ್ಟಿಗೆ ಬರಬಹುದೆಂದು 1892ರಲ್ಲೇ ಅಲ್ಲಿ ಕಾನೂನಾಗಿತ್ತು. ಆದರೆ ಬಡವನೆಂದು ಹೇಳಿಕೊಂಡರೆ ಸಾಲದು. ಫೀಸಿಲ್ಲದೆ ನಡೆಸಲು ಅನುಮತಿ ಕೋರುವ ಪ್ರತ್ಯೇಕ ಅರ್ಜಿ ಬೇಕು, ಪ್ರಮಾಣ ಮಾಡಿದ ಅಫಿಡವಿಟ್ ಬೇಕು. ಗಿಡಿಯನ್ ಎರಡನ್ನೂ ಜೊತೆಗಿಟ್ಟಿದ್ದರು. ಅವರ ಕಾಗುಣಿತ ತಪ್ಪಿತ್ತು, ದಾರಿ ತಪ್ಪಿರಲಿಲ್ಲ.

ಕೋರ್ಟ್ ಅರ್ಜಿಯನ್ನು ಸ್ವೀಕರಿಸಿ, ಏಬ್ ಫೋರ್ಟಾಸ್ ಎಂಬ ಹೆಸರಾಂತ ವಕೀಲರನ್ನು ಅವರ ಪರ ನೇಮಿಸಿತು. ಗಂಭೀರ ಅಪರಾಧದ ಆರೋಪ ಹೊತ್ತ ಬಡವರಿಗೆ ರಾಜ್ಯವು ವಕೀಲರನ್ನು ಒದಗಿಸಲೇಬೇಕೆಂದು 1963ರ ಮಾರ್ಚ್ 18ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪಿತ್ತರು. ಇದರಿಂದ ಗಿಡಿಯನ್‌ಗೆ ನೇರವಾಗಿ ಬಿಡುಗಡೆ ಸಿಗಲಿಲ್ಲ, ಮರುವಿಚಾರಣೆ ಸಿಕ್ಕಿತು. ಆಗಸ್ಟ್‌ನಲ್ಲಿ ಫ್ರೆಡ್ ಟರ್ನರ್ ಎಂಬ ವಕೀಲರು ಅವರ ಪರ ವಾದಿಸಿದರು. ಜ್ಯೂರಿ ನಿರ್ದೋಷಿ ಎಂದಿತು. ಅದೇ ಮನುಷ್ಯ, ಅದೇ ಆರೋಪ. ಈ ಸಲ ಪಕ್ಕದಲ್ಲಿ ವಕೀಲರಿದ್ದರು.

ಗಿಡಿಯನ್ 1972ರಲ್ಲಿ ತೀರಿಕೊಂಡರು. ಹುಟ್ಟೂರಿನಲ್ಲೇ ಅವರ ಸಮಾಧಿಯಿದೆ.

ಗೆಳೆಯರೇ, ನಮ್ಮ ಸಂವಿಧಾನದ 39ಎ ವಿಧಿಯೂ ಉಚಿತ ಕಾನೂನು ನೆರವಿನ ಮಾತಾಡುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಈ ನೆರವಿದೆ. ತಾಲ್ಲೂಕು ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. ಮನೆಯಲ್ಲಿ, ನೆರೆಹೊರೆಯಲ್ಲಿ ಗೊತ್ತಿಲ್ಲದವರಿಗೆ ಇದನ್ನು ತಿಳಿಸಿ.